ಒಂದೇ ಮನೆ ನಡೆದ ಕಾಲಾಳು

ದುದ್ದದ ನಮ್ಮ ಮನೆಯ ಜಗಲಿಯಲ್ಲಿ ತಾತ ಸಂಜೆಯ ಹೊತ್ತು ಚದುರಂಗದ ಹಾಸು ಬಿಚ್ಚುತ್ತಿದ್ದರು. ಅವರ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ಮಂಡ್ಯದಲ್ಲಿ ಓದುತ್ತಿದ್ದ ನಾನು ಇಂಗ್ಲಿಷ್ ನಿಯಮ ಕಲಿತು ಬಂದು, ನಾಲ್ಕು ಜನರ ಎದುರಿಗೆ, "ಎರಡು ಮನೆ ಹೋಗಬಹುದು. ನಿನ್ನ ಆಟ ತಪ್ಪು ತಾತ" ಎಂದುಬಿಟ್ಟೆ. ಅವರು ವಾದಿಸಲಿಲ್ಲ, ಹಾಸು ಮಡಿಸಿ ಎದ್ದರು. ಮತ್ತೆಂದೂ ನನ್ನೊಡನೆ ಆಡಲಿಲ್ಲ.

ಅವರು ತೀರಿಕೊಂಡು ಎಷ್ಟೋ ಕಾಲದ ಮೇಲೆ, ೧೮೫೫ರ ಮೇ ತಿಂಗಳಲ್ಲಿ ಕಲ್ಕತ್ತೆಯಲ್ಲಿ ನಡೆದ ಒಂದು ಆಟದ ದಾಖಲೆಯನ್ನು ಓದಿದೆ. ಬಿಳಿಯ ಕಾಯಿಗಳು ಸ್ಕಾಟ್ಲೆಂಡಿನ ಬ್ಯಾರಿಸ್ಟರ್ ಜಾನ್ ಕಾಕ್ರೇನರವು. ಕರಿಯವು ಮಹೇಶಚಂದ್ರ ಬ್ಯಾನರ್ಜಿಯವರವು. ಬ್ಯಾನರ್ಜಿ ದೇಶೀಯ ನಿಯಮಗಳಲ್ಲಿ ಪಳಗಿ ಅನಂತರ ಪಾಶ್ಚಾತ್ಯ ಆಟಕ್ಕೆ ಬಂದವರು. ತಾತನ ಹಾಸನ್ನೇ ಹರಡಿ ಒಂದೊಂದು ನಡೆಯನ್ನೂ ಇಟ್ಟು ನೋಡಿದೆ. ಮೊದಲು ರಾಜನ ಕಡೆಯ ಕುದುರೆ ಹೊರಬಂತು. ಎರಡನೆಯದಾಗಿ ಆ ಕುದುರೆಯ ಸಾಲಿನ ಕಾಲಾಳು ಒಂದೇ ಮನೆ ಸರಿಯಿತು. ಹಾಗೆ ತೆರವಾದ ಮನೆಗೆ ಮುಂದೆ ಒಂಟೆ ಬಂದು ಕುಳಿತಿತು. ಆದರೆ ಮೂರನೆಯ ನಡೆಯಲ್ಲಿ ಮಂತ್ರಿಯ ಮುಂದಿನ ಕಾಲಾಳು ಎರಡು ಮನೆ ಹಾರಿತ್ತು. ಅಲ್ಲಿ ನನ್ನ ಕೈ ನಿಂತಿತು. ಎರಡನೆಯ ನಡೆ ತಾತನದು, ಮೂರನೆಯದು ನಾನು ಹೊತ್ತು ತಂದದ್ದು.

ಕಾಲಾಳು ಒಂದೊಂದೇ ಮನೆ ನಡೆಯುವ ಆಟದಲ್ಲಿ ನಡುಮನೆಗಳನ್ನು ಓಡಿಹೋಗಿ ಹಿಡಿಯುವಂತಿಲ್ಲ. ಮೆಲ್ಲಗೆ ಕಟ್ಟಿಕೊಂಡು, ಪಕ್ಕದಿಂದ ಒಂಟೆಯ ಕಣ್ಣಿಡಬೇಕು. ಅಂದು ಯುರೋಪಿನವರಿಗೆ ವಿಚಿತ್ರವಾಗಿ ಕಂಡ ಈ ಬಗೆಯ ಪ್ರಾರಂಭಗಳಿಗೇ 'ಇಂಡಿಯನ್' ಎಂಬ ಹೆಸರು ನಿಂತಿತು. ಬ್ಯಾನರ್ಜಿ ಆಡಿದ ಕ್ರಮವನ್ನು ೧೯೨೨ರಲ್ಲಿ ವಿಯೆನ್ನಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಬಳಕೆಗೆ ತಂದರು. ಅದಕ್ಕೆ ಅವರ ಹೆಸರೇ ಆಯಿತು. (ಬ್ಯಾನರ್ಜಿಯವರ ಹೆಸರಾಗಬೇಕಿತ್ತೆಂದು ನಾನು ಜಗಳ ಹೂಡುವುದಿಲ್ಲ.) ಕಲ್ಕತ್ತೆಯ ಆ ಆಟದ ಕಾಲಕ್ಕೆ ನಮ್ಮ ಮೈಸೂರಿನಲ್ಲಿ, ೧೮೩೧ರಲ್ಲೇ ಆಡಳಿತ ಕಳೆದುಕೊಂಡಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದಲ್ಲಿ ಮುಳುಗಿದ್ದರು, ಕುದುರೆಯನ್ನು ಪ್ರತಿಯೊಂದು ಮನೆಯಲ್ಲೂ ಒಮ್ಮೆ ಮಾತ್ರ ನಿಲ್ಲಿಸಿ ಹಾಸನ್ನೆಲ್ಲ ಸುತ್ತಿಸುವ ಬಂಧಗಳನ್ನು ರಚಿಸಿದವರು ಅವರು.

ಬ್ಯಾನರ್ಜಿ ಆ ಆಟವನ್ನು ಸೋತರು. ತಪ್ಪು ಪ್ರಾರಂಭದ್ದಲ್ಲ. ಹದಿನೇಳನೆಯ ನಡೆಯಲ್ಲಿ ಎದುರಾಳಿಯ ಒಂಟೆಯನ್ನು ಹೊಡೆಯುವ ಆಸೆಯಿಂದ ತಮ್ಮ ರಾಜನ ಪಕ್ಕದ ಕಾಲಾಳನ್ನು ಮರೆತರು. ಕಾಕ್ರೇನರ ಕುದುರೆ ಅಲ್ಲಿಗೆ ನುಗ್ಗಿತು. ಮುಂದೆ ಮಂತ್ರಿಯನ್ನೇ ಬಲಿಕೊಟ್ಟು ಮೂರು ನಡೆಗಳಲ್ಲಿ ಮಾತ್. ಕರಿಯ ರಾಜನಿಗೆ ತನ್ನವರ ನಡುವೆಯೇ ಕಾಲಿಡಲು ಎಡೆಯಿಲ್ಲ.

ಈಗಲೂ ಊರಿಗೆ ಹೋದಾಗ ಆ ಹದಿನೇಳನೆಯ ನಡೆಗೆ ಬದಲು ಹುಡುಕುತ್ತ ಜಗಲಿಯಲ್ಲಿ ಕೂರುತ್ತೇನೆ. ತಾತನ ಕಾಯಿಗಳಲ್ಲಿ ಒಂದು ಕರಿಯ ಕಾಲಾಳು ಕಳೆದಿದೆ. ಅದರ ಮನೆಯಲ್ಲಿ ಹುಣಿಸೆಬೀಜ ಇಡುತ್ತೇನೆ.