ಅಲೋಹ ವಿದ್ಯುತ್ ಪೆಟ್ಟಿಗೆಗಳು

ಗೋಡೆಯ ಮೈಮೇಲೆಯೇ ಪೈಪು ಅಥವಾ ಕೇಸಿಂಗ್-ಕ್ಯಾಪಿಂಗ್ ಪಟ್ಟಿ ಹಾಯಿಸುವ ಓಪನ್ ವೈರಿಂಗ್‌ನಲ್ಲಿ ಸ್ವಿಚ್, ಸಾಕೆಟ್ ಮತ್ತು ತಂತಿಗಳ ಜೋಡಣೆಯನ್ನು ಒಳಗಿಟ್ಟುಕೊಳ್ಳುವ ಪ್ಲಾಸ್ಟಿಕ್ ಪೆಟ್ಟಿಗೆಗಳು. ಅಂಗಡಿಯಲ್ಲಿ ಇವಕ್ಕೆ ಸರ್ಫೇಸ್ ಬಾಕ್ಸ್, ಗ್ಯಾಂಗ್ ಬಾಕ್ಸ್, ಜಂಕ್ಷನ್ ಬಾಕ್ಸ್ ಎಂದೆಲ್ಲ ಹೆಸರು. ಮಣ್ಣಿನ ಹಳೆಯ ಗೋಡೆ, ಬಾಡಿಗೆ ಮಳಿಗೆ, ಶೀಟಿನ ಗೋದಾಮು, ಕೊಟ್ಟಿಗೆ ಇಂಥ ಕಡೆ ಗೋಡೆ ಕೊರೆಯುವುದು ಕಷ್ಟವಾದ್ದರಿಂದ ಇವೇ ಗತಿ. ಕರಾವಳಿಯ ಉಪ್ಪುಗಾಳಿಗೆ ಉಕ್ಕಿನ ಪೆಟ್ಟಿಗೆ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಪ್ಲಾಸ್ಟಿಕ್ಕೇ ಲೇಸು.

ಹಿಂದೆ ಈ ಕೆಲಸವನ್ನು ತೇಗದ ಹಲಗೆಗಳು ಮಾಡುತ್ತಿದ್ದವು. ಹೈಲಂ ಎಂಬ ಲ್ಯಾಮಿನೇಟ್ ಹಾಳೆ ಮುಚ್ಚಿದ ಮರದ ಬೋರ್ಡುಗಳು ಹಳೆಯ ಮನೆಗಳಲ್ಲಿ ಇನ್ನೂ ಉಳಿದಿವೆ. 1907ರಲ್ಲಿ ಲಿಯೊ ಬೇಕ್‌ಲ್ಯಾಂಡ್ ರೂಪಿಸಿದ ಬೇಕಲೈಟ್ ಪ್ಲಾಸ್ಟಿಕ್ಕಿಗೆ ದಾರಿ ತೆರೆಯಿತು. ಇಂದು ಪಿವಿಸಿ, ಎಬಿಎಸ್, ಪಾಲಿಕಾರ್ಬೊನೇಟ್ ಬಳಕೆಯಲ್ಲಿವೆ. ಪಿವಿಸಿ ಅಗ್ಗ, ಅದರಲ್ಲಿ ಕ್ಲೋರಿನ್ ಇರುವುದರಿಂದ ಬೆಂಕಿ ತಾನಾಗಿ ಆರುತ್ತದೆ. ಆದರೆ ಸುಮಾರು 80 ಡಿಗ್ರಿ ಸೆಲ್ಸಿಯಸ್ ಹೊತ್ತಿಗೇ ಮೆತ್ತಗಾಗುತ್ತದೆ, ಸುಟ್ಟರೆ ಕಣ್ಣು ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಹೊಮ್ಮುತ್ತದೆ. ಪಾಲಿಕಾರ್ಬೊನೇಟ್ 140 ಡಿಗ್ರಿಯ ಆಸುಪಾಸಿನವರೆಗೂ ಗಟ್ಟಿಯಾಗಿ ನಿಲ್ಲುತ್ತದೆ. ಬಿಸಿಲಿಗೆ ಬೀಳುವ ಜಾಗಕ್ಕೆ ಅತಿನೇರಳೆ ಕಿರಣ ತಾಳುವಂತೆ ತಯಾರಿಸಿದ್ದನ್ನೇ ಕೇಳಬೇಕು. ಉಳಿದವು ಕ್ರಮೇಣ ಪೆಡಸಾಗಿ ಒಡೆಯುತ್ತವೆ.

ಕೊಳ್ಳುವವರು ಬಣ್ಣ, ಹೊಳಪು ನೋಡುತ್ತಾರೆ, ನೋಡಬೇಕಾದದ್ದು ಆಳ. ಗೀಸರಿನ 16 ಆಂಪಿಯರ್ ಸಾಕೆಟ್ಟಿಗೆ 4 ಚದರ ಮಿ.ಮೀ. ತಂತಿ ತಂದರೆ ಅದು ಸುಲಭವಾಗಿ ಬಾಗುವುದಿಲ್ಲ. ಆಳವಿಲ್ಲದ ಪೆಟ್ಟಿಗೆಯಲ್ಲಿ ಪ್ಲೇಟನ್ನು ಒತ್ತಿ ಸ್ಕ್ರೂ ತಿರುಗಿಸಿದಾಗ ತಂತಿ ಟರ್ಮಿನಲ್ಲನ್ನು ಹಿಂದಿನಿಂದ ನೂಕುತ್ತಿರುತ್ತದೆ. ಕಚ್ಚು ಸಡಿಲವಾಗಿ ಅಲ್ಲಿ ಕಾವೇರುತ್ತದೆ; ಸಾಕೆಟ್ಟಿನ ತೂತಿನ ಸುತ್ತ ಕಂದು ಕಲೆ ಮೂಡಿದರೆ ಇದನ್ನು ಶಂಕಿಸಬಹುದು. ಅಮೆರಿಕದ ವಿದ್ಯುತ್ ಸಂಹಿತೆ ಪೆಟ್ಟಿಗೆಯೊಳಗಿನ ಜಾಗಕ್ಕೆ ಲೆಕ್ಕವನ್ನೇ ಹಾಕಿಕೊಟ್ಟಿದೆ: 14 ಗೇಜಿನ ಪ್ರತಿ ತಂತಿಗೆ 2 ಘನ ಅಂಗುಲ, ಅಂದರೆ ಸುಮಾರು 33 ಘನ ಸೆಂ.ಮೀ. ಜಾಗ, ಸ್ವಿಚ್ಚು ಎರಡು ತಂತಿಗೆ ಸಮ. ನಮ್ಮಲ್ಲಿ ಪೆಟ್ಟಿಗೆಯನ್ನು ಮಾಡ್ಯೂಲ್ (ಸ್ವಿಚ್ಚು ಕೂರುವ ಅಂಕಣ) ಎಣಿಸಿ ಕೊಳ್ಳುವುದು ರೂಢಿ, ಆ ಎಣಿಕೆ ಆಳವನ್ನು ಹೇಳುವುದಿಲ್ಲ. ಒಂದು ಕಂಪನಿಯ ಪೆಟ್ಟಿಗೆಗೆ ಇನ್ನೊಂದರ ಪ್ಲೇಟು ಕೂರದಿರುವುದೂ ಉಂಟು. ಸ್ಕ್ರೂ ಹಿಡಿಯುವಲ್ಲಿ ಹಿತ್ತಾಳೆಯ ಕಡಗವಿದ್ದರೆ ನಾಲ್ಕಾರು ಸಲ ಬಿಚ್ಚಿ ಹಾಕಿದರೂ ಥ್ರೆಡ್ ಸವೆಯದು. ಇಂಥ ಪೆಟ್ಟಿಗೆಗಳಿಗೆ ಭಾರತೀಯ ಮಾನಕ ಐಎಸ್ 14772 ಇದೆ. ಸಂಖ್ಯೆ ಅಚ್ಚಾಗಿದೆಯೇ ನೋಡಿಕೊಳ್ಳಬೇಕು.

ಹೊರಗೋಡೆಗೆ, ಪಂಪ್‌ಸೆಟ್ಟಿನ ಶೆಡ್ಡಿಗೆ ಐಪಿ 55 ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಪೆಟ್ಟಿಗೆ ಬೇಕು. ಮೊದಲ ಅಂಕಿ ದೂಳಿನ ತಡೆಯದು, ಎರಡನೆಯದು ನೀರಿನ ತಡೆಯದು. ಪೈಪಿನ ತೂತನ್ನು ತಳಭಾಗದಲ್ಲೇ ತೆಗೆದು ಸಂದು ಮುಚ್ಚುವ ಗ್ಲ್ಯಾಂಡ್ ಬಿಗಿಯದಿದ್ದರೆ ಈ ದರ್ಜೆಗೆ ಬೆಲೆಯಿಲ್ಲ.

ಪೆಟ್ಟಿಗೆ ಪ್ಲಾಸ್ಟಿಕ್ಕಿನದೆಂದು ಹಸಿರು ಅರ್ತ್ ತಂತಿಯನ್ನು ಕೈಬಿಡುವುದು ಅಪಾಯಕಾರಿ ಉಳಿತಾಯ. ಪೆಟ್ಟಿಗೆಗೆ ಅರ್ತಿಂಗ್ ಬೇಡ; ಸಾಕೆಟ್ಟಿನ ಮೂರನೆಯ ಪಿನ್ನಿಗೆ ಬೇಕೇ ಬೇಕು. ಕಬ್ಬಿಣದ ಪೈಪಿನ ಸಾಲಿನ ನಡುವೆ ಪ್ಲಾಸ್ಟಿಕ್ ಪೆಟ್ಟಿಗೆ ಬಂದರೆ ಪೈಪಿನ ಅರ್ತ್ ಅಲ್ಲಿಗೇ ತುಂಡಾಗುತ್ತದೆ, ಎರಡು ತುದಿಗಳನ್ನು ತಂತಿಯಿಂದ ಬೆಸೆಯಬೇಕು. ಸೀಲಿಂಗ್ ಫ್ಯಾನಿನ ಭಾರವನ್ನು ಸಾಮಾನ್ಯ ಪ್ಲಾಸ್ಟಿಕ್ ಪೆಟ್ಟಿಗೆಗೆ ಹೊರಿಸಬಾರದು. ಫ್ಯಾನು ತೂಗಬೇಕಾದದ್ದು ತಾರಸಿಯ ಕೊಕ್ಕೆಗೆ ಅಥವಾ ತೊಲೆಗೆ.