ಯೆಶಾಯನ ಮಹಾಸುರುಳಿ

1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಕುರಿಗಾಹಿಗಳಿಗೆ ಸಿಕ್ಕ ಈ ಸುರುಳಿಯ ಉದ್ದ 7.34 ಮೀಟರ್. 17 ತೊಗಲಿನ ಹಾಳೆಗಳನ್ನು ಹೊಲಿದು ಜೋಡಿಸಿ, 54 ಅಂಕಣಗಳಲ್ಲಿ ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದ 66 ಅಧ್ಯಾಯಗಳನ್ನೂ ಹೀಬ್ರೂವಿನಲ್ಲಿ ಬರೆಯಲಾಗಿದೆ. ಕಾಲ, ಸುಮಾರು ಕ್ರಿ.ಪೂ. 2ನೆಯ ಶತಮಾನ. ಪರರ ಪಾಪಕ್ಕಾಗಿ ನೋವುಂಡು ಸಾಯುವ ಸೇವಕನೊಬ್ಬನ ವರ್ಣನೆ 53ನೆಯ ಅಧ್ಯಾಯದಲ್ಲಿದೆ. ಕ್ರೈಸ್ತರು ಅದನ್ನು ಯೇಸುವಿನ ಶಿಲುಬೆ ಮರಣದ ಮುನ್ಸೂಚನೆಯೆಂದು ಓದುತ್ತಾರೆ. ಶಿಲುಬೆಯ ನಂತರ ಯಾರೋ ಇದನ್ನು ಬರೆದು ಸೇರಿಸಿರಬಹುದೆಂಬ ಶಂಕೆಗೆ ಈ ತೊಗಲೇ ಉತ್ತರ.

ಆದರೆ ಸುರುಳಿಯ ವಯಸ್ಸು ಅದರ ಅರ್ಥವನ್ನು ತೀರ್ಮಾನಿಸದು. ಸೇವಕನೆಂದರೆ ನೊಂದ ಇಸ್ರಾಯೇಲ್ ಜನಾಂಗವೇ ಎಂಬುದು ಮಧ್ಯಯುಗದ ಯೆಹೂದಿ ವ್ಯಾಖ್ಯಾನಕಾರ ರಾಷಿಯ ವಾದ. 49ನೆಯ ಅಧ್ಯಾಯ ಇಸ್ರಾಯೇಲನ್ನು ಹೆಸರಿಟ್ಟೇ ಸೇವಕನೆಂದು ಕರೆಯುವುದರಿಂದ ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅಲ್ಲಿಯೇ ಇಸ್ರಾಯೇಲನ್ನು ಮರಳಿ ತರುವ ಹೊಣೆಯೂ ಸೇವಕನದೇ ಆಗಿದೆಯಲ್ಲ ಎಂಬುದು ಕ್ರೈಸ್ತರ ಮರುಮಾತು. ಸೇವಕ ಯಾರೆಂಬ ಪ್ರಶ್ನೆ ಹೊಸದೇನಲ್ಲ: ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಇಥಿಯೋಪ್ಯದ ಅಧಿಕಾರಿಯೊಬ್ಬ ರಥದಲ್ಲಿ ಕುಳಿತು ಇದನ್ನೇ ಕ್ರೈಸ್ತ ಬೋಧಕ ಫಿಲಿಪ್ಪನನ್ನು ಕೇಳುತ್ತಾನೆ. ಹೀಗಾಗಿ ಒಂದೇ ಅಧ್ಯಾಯಕ್ಕೆ ಜೋತುಬಿದ್ದರೆ ಕ್ರೈಸ್ತ ಓದು ಬಡವಾಗುತ್ತದೆ. ಅದರ ಬಲ ಇಡೀ ಗ್ರಂಥದ ಹರಿವಿನಲ್ಲಿದೆ. 6ನೆಯ ಅಧ್ಯಾಯದಲ್ಲಿ ದೇವರ ಪಾವಿತ್ರ್ಯವನ್ನು ಕಂಡ ಪ್ರವಾದಿ ತಾನು ಕೆಟ್ಟೆನೆಂದು ನಡುಗುತ್ತಾನೆ. ಬಲಿಪೀಠದ ಕೆಂಡ ತುಟಿಗೆ ತಾಗಿದರೂ ಅವನು ನಾಶವಾಗುವುದಿಲ್ಲ, ಅವನ ಪಾಪ ನೀಗುತ್ತದೆ. ಇಲ್ಲಿ ಪಾವಿತ್ರ್ಯ ಪಾಪವನ್ನು ಕಂಡೂ ಕಾಣದಂತೆ ಇರುವುದಿಲ್ಲ, ಕರುಣೆ ಪಾಪಿಯ ಕೈಬಿಡುವುದೂ ಇಲ್ಲ. ಸೇವಕನ ನೋವಿನಲ್ಲಿ ಇವೆರಡೂ ಮತ್ತೆ ಒಂದಾಗುತ್ತವೆ, ಕ್ರಿಸ್ತನಲ್ಲಿ ಪೂರ್ಣಗೊಳ್ಳುತ್ತವೆ ಎನ್ನುತ್ತದೆ ಕ್ರೈಸ್ತ ಬೋಧನೆ. ಆ ಕೊನೆಯ ಹೆಜ್ಜೆಯನ್ನು ಯೆಹೂದಿ ಓದುಗರು ಒಪ್ಪುವುದಿಲ್ಲ.