ಗಂಜಾಂನ ದೊಡ್ಡ ಸ್ವಾಮಿಯವರು

ಶಾಲಾ ಪ್ರವಾಸದಲ್ಲಿ ನೀವು ಶ್ರೀರಂಗಪಟ್ಟಣಕ್ಕೆ ಹೋಗಿರಬಹುದು. ರಂಗನಾಥನ ದೇವಾಲಯ, ಜುಮ್ಮಾ ಮಸೀದಿ, ದರಿಯಾ ದೌಲತ್, ಗುಂಬಜ್ ನೋಡಿ ಬಸ್ಸು ಹತ್ತಿರುತ್ತೀರಿ. ಅದೇ ದ್ವೀಪದ ಗಂಜಾಂನಲ್ಲಿ ಒಂದು ಹಳೆಯ ಚರ್ಚ್ ಇದೆ. ಅಲ್ಲಿಗೆ ಬರುವ ಕ್ರೈಸ್ತ ಯಾತ್ರಿಕರಂತೆ ನೀವೂ ಒಂದಿಷ್ಟು ಹೊತ್ತು ಮೌನವಾಗಿ ಕುಳಿತರೆ, ಒಂದು ಪ್ರಶ್ನೆ ಏಳಬಹುದು: ಮನುಷ್ಯನ ದುಡಿಮೆ ಫಲಿಸಿತೇ ಇಲ್ಲವೇ ಎಂದು ಅಳೆಯುವುದು ಹೇಗೆ?

ಈ ಚರ್ಚಿನೊಡನೆ ಬೆಸೆದ ಹೆಸರು ಅಬ್ಬೆ ದುಬಾಯ್. ಫ್ರೆಂಚ್ ಭಾಷೆಯಲ್ಲಿ ‘ಅಬ್ಬೆ’ ಎಂದರೆ ಪಾದ್ರಿ. 1792ರಲ್ಲಿ ಅವರು ಭಾರತಕ್ಕೆ ಬಂದರು. ಅದಕ್ಕೂ ಮೊದಲು, 1784ರಲ್ಲಿ, ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಕರಾವಳಿಯ ಸಹಸ್ರಾರು ಕ್ಯಾಥೊಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದ್ದನು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ದುಬಾಯ್ ಇಲ್ಲಿಗೆ ಬಂದರು. ಈ ನಾಡಿನ ಉಡುಪು ತೊಟ್ಟರು, ಇಲ್ಲಿಯ ಊಟ ಉಂಡರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು.

ವಿಜ್ಞಾನ ಓದಿದ ನನ್ನನ್ನು ಹೆಚ್ಚು ಸೆಳೆದದ್ದು ಅವರ ಇನ್ನೊಂದು ಕೆಲಸ. ಜೆನ್ನರ್ 1798ರಲ್ಲಿ ಪ್ರಕಟಿಸಿದ ಸಿಡುಬಿನ ಲಸಿಕೆ 1802ರಲ್ಲಿ ಮುಂಬಯಿ ತಲುಪಿತ್ತು. ಅನಂತರದ ವರ್ಷಗಳಲ್ಲಿ ದುಬಾಯ್ ಮೈಸೂರು ಸೀಮೆಯಲ್ಲಿ ಸಾವಿರಾರು ಮಂದಿಗೆ ಲಸಿಕೆ ಹಾಕಿಸಿದರು. ಆಗ ಶೀತಲ ಪೆಟ್ಟಿಗೆಗಳಿರಲಿಲ್ಲ. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಸುಮಾರು ಎಂಟನೆಯ ದಿನ ಮತ್ತೊಬ್ಬರ ತೋಳಿಗೆ ದಾಟಿಸಬೇಕು. ಆ ಸರಪಳಿ ಕಡಿದರೆ ಲಸಿಕೆಯೇ ಇಲ್ಲ. ಸಿಡುಬನ್ನು ‘ಅಮ್ಮ’ ಎಂದು ಪೂಜಿಸುತ್ತಿದ್ದ ಊರುಗಳಲ್ಲಿ ಒಬ್ಬ ತಾಯಿ ತನ್ನ ಮಗುವಿನ ತೋಳನ್ನು ಚುಚ್ಚಲು ಒಪ್ಪಬೇಕಾದರೆ ಎಷ್ಟು ನಂಬಿಕೆ ಬೇಕು, ಯೋಚಿಸಿ ನೋಡಿ!

ಆದರೆ ದುಬಾಯ್ ತಮ್ಮನ್ನು ಗೆದ್ದವರೆಂದು ಎಣಿಸಲಿಲ್ಲ. 1823ರಲ್ಲಿ ಭಾರತ ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ, ಹಿಂದೂಗಳನ್ನು ಮತಾಂತರಿಸುವುದು ಅಸಾಧ್ಯವೆಂದೂ, ಆ ಕಾರ್ಯದಲ್ಲಿ ತಾವು ವಿಫಲರಾದೆವೆಂದೂ ಒಪ್ಪಿಕೊಂಡರು. ಮೂವತ್ತು ವರ್ಷದ ದುಡಿಮೆಯ ಬಗ್ಗೆ ಹೀಗೆ ಬರೆಯಲು ಎದೆಗಾರಿಕೆ ಬೇಕು. ಇತರ ಮಿಷನರಿಗಳು ಅವರನ್ನು ಖಂಡಿಸಿದ್ದೂ ಉಂಟು. 1848ರಲ್ಲಿ ಅವರು ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಿತು. ತೋಳಿನಿಂದ ತೋಳಿಗೆ ಸಾಗಿದ ಆ ಉದ್ದನೆಯ ಸರಪಳಿಯ ಒಂದು ಕೊಂಡಿ ನಮ್ಮ ಕಾವೇರಿಯ ದಡದಲ್ಲೂ ಇತ್ತು. ಬಿತ್ತಿದವನು ಕಾಣದ ಬೆಳೆ ಅದು.

ಮುಂದಿನ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ ಗಂಜಾಂಗೂ ಹೋಗಿ ಬನ್ನಿ. ನಿಮ್ಮ ಮತ ಯಾವುದೇ ಇರಲಿ, ಚಪ್ಪಾಳೆಯಿಲ್ಲದ ಕೆಲಸವನ್ನು ನೆನೆದು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಅದೂ ಯಾತ್ರೆಯೇ.